ನಮ್ಮ ಫೀಲ್ಡ್‌ನಲ್ಲಿ ಹೆಸರು ಬರೋದು ಹೇಗೆ? ಕ್ರಿಸ್ಟಲೋಗ್ರಫಿಯವರು ಸ್ವಲ್ಪ ಹೇಳಿ

ಹರಳು_ಹುಡುಗಿ · ಭಾನುವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ಸಣ್ಣ ಅಣುಗಳ ಹರಳು ಬೆಳೆಸಿ, ಅದಕ್ಕೆ ಎಕ್ಸ್‌ರೇ ಹಾಯಿಸಿ, ಒಳಗೆ ಪರಮಾಣುಗಳು ಹೇಗೆ ಕೂತಿವೆ ಅಂತ ಕಂಡುಹಿಡಿಯುವ ಕೆಲಸ.

ಮೊನ್ನೆ ಚಹಾ ಕುಡಿಯುವಾಗ ಲ್ಯಾಬ್‌ನಲ್ಲಿ ಒಂದು ವಾದ ಎದ್ದಿತು. ನಮ್ಮ ಸೀನಿಯರ್ ಒಬ್ಬರು, "ದೊಡ್ಡ ಜರ್ನಲ್‌ನಲ್ಲಿ ಎರಡು ಪೇಪರ್ ಬಂದರೆ ಸಾಕು, ಫೀಲ್ಡ್‌ನವರೆಲ್ಲ ನಿನ್ನನ್ನು ಗುರುತಿಸುತ್ತಾರೆ" ಅಂದರು. ನನಗೆ ಯಾಕೋ ಸರಿ ಅನ್ನಿಸಲಿಲ್ಲ. ರಾತ್ರಿ ಕೂತು, ನಾನು ದಿನಾ ಬಾಯಲ್ಲಿ ಹೇಳುವ ಹೆಸರುಗಳನ್ನು ಬರೆದು ನೋಡಿದೆ. ಶೆಲ್ಡ್ರಿಕ್, ಸ್ಪೆಕ್, ಫ್ಲ್ಯಾಕ್, ರೀಟ್ವೆಲ್ಡ್. ಇವರು ಯಾವ ಅಣುವಿನ ರಚನೆ ಬಿಡಿಸಿದರು ಅಂತ ಯಾರಾದರೂ ಕೇಳಿದರೆ ನನಗೆ ಒಂದೂ ಗೊತ್ತಿಲ್ಲ! ನೊಬೆಲ್ ಬಂದವರ ಹೆಸರುಗಳನ್ನು ಎಂಟ್ರೆನ್ಸ್ ಪರೀಕ್ಷೆಗೆ ಉರು ಹೊಡೆದಿದ್ದೆ. ಅರ್ಧ ಮರೆತೇ ಹೋಗಿವೆ.

ಹೊರಗಿನ ಜನಕ್ಕೆ ಗೊತ್ತಾಗೋದು ಬೇರೆ ವಿಷಯ ಬಿಡಿ. ಇದೇ ಕೆಲಸ ಮಾಡುವವರ ನಡುವೆ ಒಬ್ಬರ ಹೆಸರು ನಿಲ್ಲೋದು ಯಾವುದರಿಂದ?

ಹಳೇ_ಆಪರೇಟರ್ · ಭಾನುವಾರ ರಾತ್ರಿ 8:15

ತಂಗೀ, ಒಳ್ಳೆ ಪ್ರಶ್ನೆ ಹಾಕಿದ್ದೀಯ. ನಾನು 31 ವರ್ಷ ಡಿಫ್ರಾಕ್ಟೋಮೀಟರ್, ಅಂದರೆ ಹರಳಿಗೆ ಎಕ್ಸ್‌ರೇ ಹಾಯಿಸಿ ಅಳೆಯುವ ಮಷೀನ್, ಮುಂದೆ ಕೂತವನು. ಪೇಪರ್ ಬರೆದವನಲ್ಲ, ಬರೆಯುವವರಿಗೆ ಡೇಟಾ ತೆಗೆದುಕೊಟ್ಟವನು. ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಜಾಸ್ತಿ ಇರುತ್ತೆ, ಸಹಿಸಿಕೊಳ್ಳಿ.

ನಾನು ಸೇರಿದಾಗ ಒಂದು ಹರಳಿನ ಡೇಟಾಗೆ ಹಲವು ದಿನ ಹಿಡಿಯುತ್ತಿತ್ತು. ಮಧ್ಯೆ ಕರೆಂಟ್ ಹೋದರೆ ದೇವರೇ ಗತಿ. ಅಷ್ಟೆಲ್ಲ ಮಾಡಿ ಡೇಟಾ ಬಂದ ಮೇಲೆ ಅದನ್ನು ಬಿಡಿಸೋಕೆ ಪ್ರೋಗ್ರಾಂ ಬೇಕಲ್ಲ? ಅದೇ ಶೆಲೆಕ್ಸ್. ಬರೆದವರು ಜಾರ್ಜ್ ಶೆಲ್ಡ್ರಿಕ್. ಮೊದಲು ಇಂಗ್ಲೆಂಡಿನಲ್ಲಿದ್ದರು, ಆಮೇಲೆ ಜರ್ಮನಿಯ ಗಟಿಂಗನ್‌ಗೆ ಹೋದರು. ಶೆಲೆಕ್ಸ್-76 ಅಂತ 1976ರಲ್ಲಿ ಹೊರಗೆ ಬಿಟ್ಟರು. ಆಗ ಪ್ರೋಗ್ರಾಂ ಅಂದರೆ ತೂತು ಹೊಡೆದ ಕಾರ್ಡುಗಳ ಡಬ್ಬಿ. ಡಬ್ಬಿ ಕೈ ಜಾರಿ ಬಿದ್ದರೆ ಕಾರ್ಡುಗಳನ್ನು ಮತ್ತೆ ಸಾಲಾಗಿ ಜೋಡಿಸುವಷ್ಟರಲ್ಲಿ ಸಂಜೆ ಆಗುತ್ತಿತ್ತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಕಾಲೇಜು, ವಿಶ್ವವಿದ್ಯಾಲಯದವರಿಗೆ ದುಡ್ಡಿಲ್ಲದೆ ಕೊಟ್ಟರು. ನಮ್ಮಂಥ ಬಡ ಲ್ಯಾಬ್‌ಗಳಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಈಗಿನವರಿಗೆ ಹೇಳಿದರೆ ಅರ್ಥ ಆಗಲ್ಲ.

ನೀನೂ ಇವತ್ತಿಗೂ ಅದನ್ನೇ ಮಾಡುತ್ತಿರುತ್ತೀಯ ಅಲ್ವಾ? ಪ್ರೋಗ್ರಾಂ ಕೊಟ್ಟ ರೆಸ್ ಫೈಲನ್ನು ಇನ್ಸ್ ಅಂತ ಹೆಸರು ಬದಲಿಸು, ಮತ್ತೆ ಓಡಿಸು, ಆರ್ ಫ್ಯಾಕ್ಟರ್ (ಬಿಡಿಸಿದ ರಚನೆಗೂ ಡೇಟಾಗೂ ಶೇಕಡಾ ಎಷ್ಟು ವ್ಯತ್ಯಾಸ ಅನ್ನೋದು) ಎಷ್ಟು ಇಳಿಯಿತು ನೋಡು. ಮತ್ತೆ ಅದೇ. ದಿನಕ್ಕೆ ನಲವತ್ತು ಸಲ ಒಬ್ಬ ಮನುಷ್ಯನ ಕೈಕೆಲಸ ಮುಟ್ಟಿದರೆ ಅವನ ಹೆಸರು ಮರೆಯೋಕೆ ಸಾಧ್ಯವಾ?

ಬೆಳಗಾವಿ_ಟು_ಬರ್ಲಿನ್ · ಭಾನುವಾರ ರಾತ್ರಿ 11:02

ಆಪರೇಟರ್ ಸರ್ ಹೇಳಿದ್ದಕ್ಕೆ ಒಂದು ಬಾಲಂಗೋಚಿ ಸೇರಿಸುತ್ತೇನೆ. ಇದನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ.

2008ರಲ್ಲಿ ಶೆಲ್ಡ್ರಿಕ್ ಒಂದು ಲೇಖನ ಬರೆದರು. ಶೆಲೆಕ್ಸ್ ಹೇಗೆ ಬೆಳೆದುಬಂತು ಅನ್ನುವ ಚಿಕ್ಕ ಇತಿಹಾಸ. ಬಂದದ್ದು ಆಕ್ಟಾ ಕ್ರಿಸ್ಟಲೋಗ್ರಾಫಿಕಾದ ಎ ವಿಭಾಗದಲ್ಲಿ. ಸಾರಾಂಶದಲ್ಲೇ, ಈ ಪ್ರೋಗ್ರಾಂ ಬಳಸಿದವರು ಇದನ್ನೇ ಉಲ್ಲೇಖ ಮಾಡಬಹುದು ಅಂತ ಒಂದು ಸಾಲು ಹಾಕಿದ್ದರು. ಅಷ್ಟೇ. ಜಗತ್ತಿನಲ್ಲಿ ಸಣ್ಣ ಅಣುಗಳ ರಚನೆ ಬಿಡಿಸುವ ಬಹುತೇಕ ಎಲ್ಲರೂ ಆ ಸಾಲಿಗೆ ಓಗೊಟ್ಟರು. ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಒಂದು ಲೇಖನಕ್ಕೆ ಸರಾಸರಿ ಎಷ್ಟು ಉಲ್ಲೇಖ ಅನ್ನುವ ಅಂಕಿ, 2008ರಲ್ಲಿ 2ರ ಆಸುಪಾಸು ಇತ್ತು. 2009ಕ್ಕೆ ಹೆಚ್ಚುಕಡಿಮೆ 50 ಆಯಿತು! ಆ ಒಂದೇ ಲೇಖನದಿಂದ. ಆ ಲೆಕ್ಕಕ್ಕೆ ಹಿಂದಿನ ಎರಡು ವರ್ಷದ ಲೇಖನಗಳು ಮಾತ್ರ ಸೇರುತ್ತವೆ. ಹಾಗಾಗಿ 2011ಕ್ಕೆ ಮತ್ತೆ 2ರ ಹತ್ತಿರ ಇಳಿಯಿತು.

ನಡುವಿನ ಆ ಎರಡು ವರ್ಷ ಅದೇ ಜರ್ನಲ್‌ನಲ್ಲಿ ಪೇಪರ್ ಬಂದವರಿಗೆ ಲಾಟರಿ. "ನನ್ನ ಪೇಪರ್ ಇಂಪ್ಯಾಕ್ಟ್ 50ರ ಜರ್ನಲ್‌ನಲ್ಲಿದೆ" ಅಂತ ರೆಸ್ಯೂಮೆಯಲ್ಲಿ ಬರೆದುಕೊಂಡವರು ಖಂಡಿತ ಇದ್ದಾರೆ. ಅದಕ್ಕೇ ನಿಮ್ಮ ಸೀನಿಯರ್ ಹೇಳಿದ ಜರ್ನಲ್ ಲೆಕ್ಕವನ್ನು ನಾನು ಅಷ್ಟಾಗಿ ನಂಬಲ್ಲ.

ಅಂಕಿ_ಲೆಕ್ಕ · ಸೋಮವಾರ ಬೆಳಿಗ್ಗೆ 9:20

ಎಲ್ಲರೂ ಸೈಟೇಷನ್‌ಗೆ, ಅಂದರೆ ಉಲ್ಲೇಖದ ಲೆಕ್ಕಕ್ಕೆ, ಬೈಯುತ್ತೀರಿ. ಸರಿ. ಆದರೆ ಇಂಟರ್‌ವ್ಯೂ ಬೋರ್ಡ್ ಮುಂದೆ ಕೂತಾಗ ಕೇಳೋದು ಅದನ್ನೇ. ನಾನು ಎರಡು ವರ್ಷದ ಹಿಂದೆ ಒಂದು ಕಡೆ ಪ್ರಮೋಷನ್‌ಗೆ ಹೋಗಿದ್ದೆ. ಅಲ್ಲಿದ್ದ ಹಿರಿಯರು ನನ್ನ ಕೆಲಸ ಏನು ಅಂತ ಕೇಳಲೇ ಇಲ್ಲ. ಎಚ್-ಇಂಡೆಕ್ಸ್ ಎಷ್ಟು, ಒಟ್ಟು ಇಂಪ್ಯಾಕ್ಟ್ ಎಷ್ಟು ಅಂದರು. ಕೂಡಿಸಿ ಹೇಳಬೇಕಿತ್ತಂತೆ, ದಿನಸಿ ಅಂಗಡಿ ಚೀಟಿ ಹಾಗೆ. ಪ್ರಮೋಷನ್ ಕೊಡಲಿಲ್ಲ, ಅದು ಬೇರೆ ಕಥೆ.

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ತಂದದ್ದು ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ. ನಿಮ್ಮ 20 ಪೇಪರ್‌ಗಳು ತಲಾ ಕನಿಷ್ಠ 20 ಸಲ ಉಲ್ಲೇಖ ಆಗಿದ್ದರೆ ನಿಮ್ಮ ಅಂಕಿ 20. ಅದರಲ್ಲಿ ತಪ್ಪೇನು? ಒಂದೇ ಪೇಪರ್ ಹಿಟ್ ಆದವರಿಗಿಂತ, ನಿಯಮಿತವಾಗಿ ಕೆಲಸ ಮಾಡಿದವರನ್ನು ಅದು ಹಿಡಿದು ತೋರಿಸುತ್ತೆ. ಅಂಕಿ ಬೇಡ ಅಂದರೆ ಇನ್ನೇನು ನೋಡಬೇಕು, ಮುಖ ನೋಡಿ ಕೆಲಸ ಕೊಡಬೇಕಾ? ಅಂಕಿ ಇಲ್ಲದ ಕಾಲದಲ್ಲಿ ಗೈಡ್ ಯಾರು, ಊರು ಯಾವುದು ಅಂತ ನೋಡುತ್ತಿದ್ದರು. ಅದು ಇದಕ್ಕಿಂತ ಚೆನ್ನಾಗಿತ್ತಾ?

ಗುಂಡುಸೂಜಿ · ಸೋಮವಾರ ಬೆಳಿಗ್ಗೆ 9:31

ಹಾಗಾದರೆ ತೀರ್ಮಾನ ಆಯಿತು. ಪೇಪರ್ ಬಿಟ್ಟು ಎಲ್ಲರೂ ಸಾಫ್ಟ್‌ವೇರ್ ಬರೆಯಿರಿ 🙂

ಮೇಡಂ_ಮಲೆನಾಡು · ಸೋಮವಾರ ಮಧ್ಯಾಹ್ನ 1:45

ಅಂಕಿಲೆಕ್ಕ ಅವರೇ, ನಿಮ್ಮ ಕೊನೆಯ ಮಾತು ಒಪ್ಪಿದೆ. ಮುಖ ನೋಡಿ ಮಣೆ ಹಾಕುವುದನ್ನು ನಾನೂ ಸಾಕಷ್ಟು ಕಂಡಿದ್ದೇನೆ. ಆದರೆ ಸೈಟೇಷನ್ ಬಂದ ಮಾತ್ರಕ್ಕೆ ಹೆಸರು ಬರುತ್ತೆ ಅನ್ನೋದು ಅನುಮಾನ. ಇದುವರೆಗಿನ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖ ಆದದ್ದು 1951ರ ಒಂದು ಪೇಪರ್. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ, ಆಲಿವರ್ ಲೌರಿ ಅವರದ್ದು. ಮೂರು ಲಕ್ಷಕ್ಕಿಂತ ಜಾಸ್ತಿ ಉಲ್ಲೇಖ. ಲೌರಿ ಮೆಥಡ್ ಅಂತ ಬಿಎಸ್ಸಿ ಹುಡುಗರಿಗೂ ಗೊತ್ತು. ಆದರೆ ಲೌರಿ ಯಾರು, ಅವರ ಮುಖ್ಯ ಕೆಲಸ ಯಾವುದರ ಮೇಲೆ ಅಂತ ಕೇಳಿ ನೋಡಿ. ನಿಜ ಹೇಳಬೇಕೆಂದರೆ ನಾನೂ ಹುಡುಕಿಯೇ ತಿಳಿದದ್ದು.

ಹರಳು ಹುಡುಗಿಯ ಪಟ್ಟಿಯಲ್ಲಿ ಸ್ಪೆಕ್ ಹೆಸರಿದೆಯಲ್ಲ, ನನಗೆ ಅದರ ಬಗ್ಗೆ ಹೇಳಬೇಕು. ಅದು ಬೇರೆ ಥರದ ಹೆಸರು. ಭಯದಿಂದ ಬರುವ ಹೆಸರು.

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದ ಟಾನ್ ಸ್ಪೆಕ್ ಬರೆದ ಪ್ಲಾಟಾನ್ ಎಂಬ ಪ್ರೋಗ್ರಾಂ ನಮ್ಮ ರಚನೆಗಳನ್ನು ಜಾಲಾಡುತ್ತೆ. ರಚನೆಯಲ್ಲಿ ತಪ್ಪಿದೆಯಾ ಅಂತ ನೋಡೋಕೆ ಚೆಕ್‌ಸಿಫ್ ಅಂತ ನಾವು ಫೈಲ್ ಹಾಕಿ ಕಾಯುತ್ತೇವಲ್ಲ, ಅದರ ಒಳಗೆ ಕೂತಿರುವುದು ಅದೇ. ಎ, ಬಿ, ಸಿ ಅಂತ ಅಲರ್ಟ್ ಕೊಡುತ್ತೆ. ಎ ಬಂದರೆ ಎದೆ ಧಸಕ್ ಅನ್ನುತ್ತೆ. ನನ್ನ ಮೊದಲ ಪೇಪರಿಗೆ ಮೂರು ಎ ಅಲರ್ಟ್ ಬಂದಿತ್ತು. ಒಂದು, ಹೈಡ್ರೋಜನ್ ಅನ್ನು ತಪ್ಪು ಜಾಗದಲ್ಲಿ ಕೂರಿಸಿದ್ದು. ಇನ್ನೊಂದು, ಹರಳಿನ ಒಳಗೆ ಖಾಲಿ ಜಾಗ ಇದೆ, ಅಲ್ಲಿ ಏನೋ ದ್ರಾವಕ ಕೂತಿರಬೇಕು, ನೀನು ನೋಡಿಲ್ಲ ಅನ್ನುವುದು. ಮೂರನೆಯದಕ್ಕೆ ನಾನು ಅತ್ತೇ ಬಿಟ್ಟೆ: ಸಿಮೆಟ್ರಿ ತಪ್ಪಿದೆ.

ಹೊರಗಿನವರಿಗೆ ಒಂದು ಮಾತು. ರಂಗೋಲಿ ನೋಡುತ್ತೀರಲ್ಲ, ಒಂದು ಮೂಲೆ ಬಿಡಿಸಿ ಅದನ್ನೇ ನಾಲ್ಕು ಕಡೆ ತಿರುಗಿಸಿದರೆ ಇಡೀ ರಂಗೋಲಿ ಸಿಗುತ್ತೆ. ಹರಳೂ ಹಾಗೆ. ಅದರ ರಚನೆಯನ್ನು ಹೇಳುವಾಗ ಎಷ್ಟು ಭಾಗ ಮೂಲ, ಎಷ್ಟು ಭಾಗ ತಿರುಗಿಸಿದ್ದು ಅಂತ ಸರಿಯಾಗಿ ಹೇಳಬೇಕು. ಅರ್ಧ ರಂಗೋಲಿಯನ್ನೇ ಮೂಲ ಅಂತ ಬರೆದರೆ ಚಿತ್ರ ಕಣ್ಣಿಗೆ ಸರಿಯಾಗೇ ಕಾಣಬಹುದು. ಆದರೆ ಲೆಕ್ಕ ಹಳಿ ತಪ್ಪುತ್ತೆ, ಬಾಂಡ್‌ಗಳ ಉದ್ದ ಏರುಪೇರಾಗುತ್ತೆ.

ಈ ತಪ್ಪನ್ನು ಹಿಡಿಯುವುದರಲ್ಲೇ ಹೆಸರಾದವರು ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಡಿಕ್ ಮಾರ್ಷ್. ಬೇರೆಯವರು ಅಚ್ಚು ಹಾಕಿಸಿದ ರಚನೆಗಳನ್ನು ಕೂತು ಪರೀಕ್ಷೆ ಮಾಡುವುದು, ಇದಕ್ಕೆ ಇನ್ನೂ ಸಿಮೆಟ್ರಿ ಇದೆ ಅಂತ ತಿದ್ದಿ ಬರೆಯುವುದು. ವರ್ಷಗಟ್ಟಲೆ ಮಾಡಿದರು. ಕೊನೆಗೆ ಅವರ ಹೆಸರೇ ಕ್ರಿಯಾಪದ ಆಯಿತು. ಯಾರದಾದರೂ ರಚನೆ ಹೀಗೆ ತಿದ್ದಿಸಿಕೊಂಡರೆ "ಅವನು ಮಾರ್ಷ್ ಆದ" ಅನ್ನುತ್ತಿದ್ದರು. ನಮ್ಮ ಗೈಡ್ ಪ್ರತಿ ಪೇಪರ್ ಕಳಿಸುವ ಮುಂಚೆ, "ಇನ್ನೊಂದು ಸಲ ನೋಡಮ್ಮ, ಮಾರ್ಷ್ ಆಗೋದು ಬೇಡ" ಅನ್ನುತ್ತಿದ್ದರು. ಯಾವ ಪ್ರಶಸ್ತಿಯಿಂದ ಈ ಥರ ಹೆಸರು ಬರುತ್ತೆ ಹೇಳಿ? ಅದೂ ಜನ ಅವರನ್ನು ದ್ವೇಷಿಸಲಿಲ್ಲ. ಅವರು ಹೇಳಿದರೆ ಸರಿಯಾಗೇ ಇರುತ್ತೆ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಅಂಕಿ_ಲೆಕ್ಕ · ಸೋಮವಾರ ಮಧ್ಯಾಹ್ನ 2:10

ಬೇರೆಯವರ ತಪ್ಪು ಹುಡುಕಿದರೆ ಇಲ್ಲಿ ಹೆಸರು ಬರಲ್ಲ ಮೇಡಂ, ವರ್ಗಾವಣೆ ಬರುತ್ತೆ.

ಗುಂಡುಸೂಜಿ · ಸೋಮವಾರ ಮಧ್ಯಾಹ್ನ 2:12

+1

ಸ್ಕ್ಯಾನ್_ಮಾಸ್ತರ · ಸೋಮವಾರ ರಾತ್ರಿ 9:05

ನಾನು ಕ್ರಿಸ್ಟಲೋಗ್ರಫಿಯವನಲ್ಲ. ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಮಷೀನ್ ಸರ್ವಿಸ್ ಮಾಡುವ ಎಂಜಿನಿಯರ್. ಆದರೂ ಒಂದು ವಿಷಯ ಹೇಳಲೇಬೇಕು, ತಡೆಯೋಕೆ ಆಗುತ್ತಿಲ್ಲ.

ಸಿಟಿಯಲ್ಲಿ ಸುತ್ತಲಿಂದ ತೆಗೆದ ನೆರಳುಗಳನ್ನು ಸೇರಿಸಿ ಒಳಗಿನ ಚಿತ್ರ ಮಾಡುತ್ತಾರೆ. ನೆರಳುಗಳನ್ನು ಹಾಗೇ ಸೇರಿಸಿದರೆ ಚಿತ್ರ ಮಂಜು ಮುಸುಕಿದ ಹಾಗೆ ಬರುತ್ತೆ. ಅದಕ್ಕೆ ಮೊದಲು ಒಂದು ಫಿಲ್ಟರ್ ಹಾಕಬೇಕು. ಓದುವಾಗ ನಮಗೆ ಮೊದಲು ಹೇಳಿಕೊಟ್ಟ ಫಿಲ್ಟರ್ ರ‍್ಯಾಮ್-ಲ್ಯಾಕ್. ಲೆಕ್ಕ ಮಾಡುವ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ತಾನಾಗೇ ಹಾಕಿಕೊಳ್ಳುವುದೂ ಅದನ್ನೇ. ನಾನು ಅದು ಯಾವುದೋ ಜರ್ಮನ್ ಹೆಸರು ಅಂದುಕೊಂಡಿದ್ದೆ. ನಾಲ್ಕು ವರ್ಷ!

ಆಮೇಲೆ ಒಂದು ಟ್ರೇನಿಂಗ್‌ನಲ್ಲಿ ಗೊತ್ತಾಯಿತು. ರ‍್ಯಾಮ್ ಅಂದರೆ ರಾಮಚಂದ್ರನ್, ಲ್ಯಾಕ್ ಅಂದರೆ ಲಕ್ಷ್ಮೀನಾರಾಯಣನ್. 1971ರ ಪೇಪರ್. ಅದೇ ವರ್ಷ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಮಷೀನ್‌ನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆದದ್ದು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಹೋಯಿತು. ಕಾರ್ಮ್ಯಾಕ್ 1963–64ರಲ್ಲೇ ಇದರ ಗಣಿತ ಬರೆದಿದ್ದರು, ಆಗ ಅದನ್ನು ಮೂಸಿ ನೋಡಿದವರೂ ಕಡಿಮೆ. ನಮ್ಮ ಕೆಲಸದಲ್ಲಿ ದಿನಾ ಬರುವ ಹೆಸರು ಹೌನ್ಸ್‌ಫೀಲ್ಡ್. ಯಾಕೆಂದರೆ ಅಳತೆಯ ಯೂನಿಟ್‌ಗೇ ಅವರ ಹೆಸರಿದೆ. ಕಾರ್ಮ್ಯಾಕ್ ಹೆಸರು ಬಾಯಿಗೆ ಬರೋದು ಕ್ವಿಜ್‌ನಲ್ಲಿ ಮಾತ್ರ.

ಇದೇ ರಾಮಚಂದ್ರನ್ ನಿಮ್ಮ ಕಡೆಯೂ ದೊಡ್ಡವರಂತೆ, ನಿಜವಾ?

ಪ್ರೋಟೀನ್_ಪಾಪಣ್ಣ · ಸೋಮವಾರ ರಾತ್ರಿ 10:30

ನಿಜವಾ ಅಂತ ಕೇಳುತ್ತೀರಲ್ಲ ಮಾಸ್ತರೇ! ಜಿ. ಎನ್. ರಾಮಚಂದ್ರನ್ ಇಲ್ಲದೆ ನಮಗೆ ಒಂದು ದಿನವೂ ಬೆಳಗಾಗಲ್ಲ.

ಹುಟ್ಟಿದ್ದು 1922ರಲ್ಲಿ ಎರ್ನಾಕುಲಂನಲ್ಲಿ. ಬೆಂಗಳೂರಿನ ಐಐಎಸ್ಸಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ ಅಂತ ಬಂದವರನ್ನು ಸಿ. ವಿ. ರಾಮನ್ ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಆಮೇಲೆ ಮದ್ರಾಸಿನಲ್ಲಿ ವಿಭಾಗ ಕಟ್ಟಿದರು. ಅಲ್ಲಿ ಕೊಲಾಜೆನ್ ಹಿಡಿದರು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜು ಎಲ್ಲದರಲ್ಲೂ ಇರುವ ಪ್ರೋಟೀನ್ ಅದು. ಗೋಪಿನಾಥ್ ಕರ್ತಾ ಜೊತೆ ಸೇರಿ, ಮೂರು ಎಳೆ ಜಡೆ ಹಾಗೆ ಹೆಣೆದುಕೊಂಡಿದೆ ಅಂತ 1954–55ರಲ್ಲಿ ಹೇಳಿದರು. ಅದಕ್ಕೆ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಕರಾರು ತೆಗೆದರು. ಎಳೆಗಳು ಹೆಣೆದದ್ದು ಸರಿ, ಆದರೆ ನೀವು ಹೇಳಿದ ಹಾಗೆ ಕೂರಿಸಿದರೆ ಕೆಲವು ಪರಮಾಣುಗಳು ತೀರಾ ಹತ್ತಿರ ಬರುತ್ತವೆ ಅಂದರು.

ಬೇರೆ ಯಾರಾದರೂ ಆಗಿದ್ದರೆ ಎರಡು ಕಾಗದ ಬರೆದು ಜಗಳ ಆಡಿ ಸುಮ್ಮನಾಗುತ್ತಿದ್ದರು. ಇವರು, ಸರಿ ಹಾಗಾದರೆ, ಎಷ್ಟು ಹತ್ತಿರ ಬಂದರೆ ಅತಿ ಹತ್ತಿರ ಅಂತ ನೋಡೇ ಬಿಡೋಣ ಅಂತ ಹೊರಟರು. ಅಲ್ಲಿಯವರೆಗೆ ಸಿಕ್ಕಿದ್ದ ಹರಳು ರಚನೆಗಳಲ್ಲಿ ಪರಮಾಣುಗಳ ನಡುವಿನ ಅಂತರಗಳನ್ನು ಹೆಕ್ಕಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲಿ ಎರಡು ಕಡೆ ತಿರುಗೋಕೆ ಆಗುತ್ತೆ. ಆ ಎರಡು ಕೋನಕ್ಕೆ ಫೈ, ಸೈ ಅನ್ನುತ್ತೇವೆ. ಯಾವ ಫೈಗೆ ಯಾವ ಸೈ ಇದ್ದರೆ ಪರಮಾಣುಗಳು ಡಿಕ್ಕಿ ಹೊಡೆಯಲ್ಲ ಅಂತ ಒಂದು ಚೌಕದಲ್ಲಿ ಗುರುತು ಹಾಕಿದರು. ಚೌಕದ ಬಹುಪಾಲು ಖಾಲಿ, ಅಲ್ಲಲ್ಲಿ ಮಾತ್ರ ಜಾಗ ಇದೆ. 1963ರ ಆ ಪೇಪರೇ ರಾಮಚಂದ್ರನ್ ಪ್ಲಾಟ್.

ಇವತ್ತು ಪ್ರೋಟೀನ್ ಡೇಟಾ ಬ್ಯಾಂಕ್‌ಗೆ ರಚನೆ ಹಾಕಿದರೆ ಬರುವ ವರದಿಯಲ್ಲಿ ಒಂದು ಸಾಲು ಇರಲೇಬೇಕು: ರಾಮಚಂದ್ರನ್ ಔಟ್‌ಲಯರ್, ಅಂದರೆ ಆ ಗುರುತಿನ ಹೊರಗೆ ಬಿದ್ದ ಕೊಂಡಿಗಳು, ಎಷ್ಟು. ಆ ಬ್ಯಾಂಕ್ 1971ರಲ್ಲಿ 7 ರಚನೆಯಿಂದ ಶುರುವಾದದ್ದು. ಈಗ ಎರಡು ಲಕ್ಷ ದಾಟಿದೆ. ಔಟ್‌ಲಯರ್ ಜಾಸ್ತಿ ಇದ್ದರೆ ರಿವ್ಯೂವರ್ ಹಲ್ಲು ಕಡಿಯುತ್ತಾನೆ. ಚಿಕಾಗೋದಲ್ಲಿ ಕೂತ ಹುಡುಗನೂ, "ನನ್ನ ರಾಮಚಂದ್ರನ್ ಇನ್ನೂ ಸರಿ ಬಂದಿಲ್ಲ" ಅನ್ನುತ್ತಾನೆ, ಮನೆ ಮಗನ ಹೆಸರು ಹೇಳುವ ಹಾಗೆ.

ನೊಬೆಲ್ ಬರಲಿಲ್ಲ. ನಮ್ಮಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ.

ಮೇಡಂ_ಮಲೆನಾಡು · ಮಂಗಳವಾರ ಬೆಳಿಗ್ಗೆ 6:50

ಪಾಪಣ್ಣನವರೇ, ಚೆನ್ನಾಗಿ ಬರೆದಿರಿ. ಆದರೆ ಒಂದು ಬಿಟ್ಟಿರಿ. ಆ 1963ರ ಪೇಪರಿನಲ್ಲಿ ಹೆಸರು ಮೂರು. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್. ಪ್ಲಾಟ್‌ಗೆ ಉಳಿದದ್ದು ಒಂದೇ. ಉಳಿದ ಇಬ್ಬರೂ ಮುಂದೆ ಬೆಂಗಳೂರಿನಲ್ಲಿ ರಾಮಚಂದ್ರನ್ ಕಟ್ಟಿದ ವಿಭಾಗದಲ್ಲೇ ಇದ್ದರು. ನಮ್ಮ ಕೆಲಸದವರಿಗೆ ಗೊತ್ತು, ಪಠ್ಯಪುಸ್ತಕಕ್ಕೆ ಗೊತ್ತಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ಇದು ಇನ್ನೂ ಢಾಳಾಗಿ ಕಾಣುತ್ತೆ. ಇಸಬೆಲ್ಲಾ ಕಾರ್ಲ್ ಹೆಸರು ಕೇಳಿದ್ದೀರಲ್ಲ? 1985ರ ರಸಾಯನಶಾಸ್ತ್ರದ ನೊಬೆಲ್ ಅವರ ಗಂಡ ಜೆರೋಮ್ ಕಾರ್ಲ್ ಮತ್ತು ಹರ್ಬರ್ಟ್ ಹಾಪ್ಟ್‌ಮನ್ ಅವರಿಗೆ ಬಂತು. ಡೈರೆಕ್ಟ್ ಮೆಥಡ್ಸ್‌ಗೆ, ಅಂದರೆ ಎಕ್ಸ್‌ರೇ ಡೇಟಾದಿಂದ ಗಣಿತದ ಮೂಲಕ ನೇರವಾಗಿ ರಚನೆ ಬಿಡಿಸುವ ವಿಧಾನಕ್ಕೆ. ಇಬ್ಬರೂ 1953ರಲ್ಲಿ ಗಣಿತ ಬರೆದಾಗ ಕ್ರಿಸ್ಟಲೋಗ್ರಫಿಯ ಬಹಳ ಜನ ನಂಬಲಿಲ್ಲ. ಕಾಗದದ ಮೇಲೆ ಚೆನ್ನಾಗಿದೆ, ಹರಳಿಗೆ ಆಗುತ್ತಾ ಅಂದರು. ಆಗುತ್ತೆ ಅಂತ ಒಂದರ ಹಿಂದೆ ಒಂದು ರಚನೆ ಬಿಡಿಸಿ ತೋರಿಸಿದ್ದು ಇಸಬೆಲ್ಲಾ. ಬೇರೆಯವರೂ ಮಾಡಬಹುದಾದ ವಿಧಾನವಾಗಿ ಅದನ್ನು ಪಳಗಿಸಿದ್ದೂ ಅವರೇ. ಪ್ರಶಸ್ತಿಯಲ್ಲಿ ಅವರ ಹೆಸರಿಲ್ಲ. ಜೆರೋಮ್‌ಗೂ ಅದು ಬೇಜಾರಾಗಿತ್ತಂತೆ.

ಆದರೆ ಫೀಲ್ಡ್‌ನ ಒಳಗೆ ಕೇಳಿ ನೋಡಿ. ಕಷ್ಟದ ಹರಳು ಸಿಕ್ಕಿದರೆ ಜನ ಯಾರಿಗೆ ಕಳಿಸುತ್ತಿದ್ದರು? ಐಐಎಸ್ಸಿಯ ಪಿ. ಬಲರಾಮ್ ಅವರ ಲ್ಯಾಬ್‌ನಲ್ಲಿ ಮಾಡಿದ ಪೆಪ್ಟೈಡ್‌ಗಳ (ಪ್ರೋಟೀನ್ ಥರದ್ದೇ ಚಿಕ್ಕ ಸರಪಳಿಗಳ) ಹರಳು ವಾಷಿಂಗ್ಟನ್ನಿನ ನೌಕಾದಳದ ಪ್ರಯೋಗಾಲಯಕ್ಕೆ ಹೋಗುತ್ತಿತ್ತು, ಇಸಬೆಲ್ಲಾ ಹತ್ತಿರ. ದಶಕಗಟ್ಟಲೆ ನಡೆದ ವ್ಯವಹಾರ ಅದು. ಅಕ್ಕಿ ಕಾಳಿಗಿಂತ ಸಣ್ಣ ಹರಳನ್ನು ಅಷ್ಟು ದೂರ ಕಳಿಸಬೇಕಾದರೆ ಆ ಕೈಯ ಮೇಲೆ ಎಷ್ಟು ನಂಬಿಕೆ ಇರಬೇಕು! ಹೆಸರು ಅಂದರೆ ನನ್ನ ಮಟ್ಟಿಗೆ ಅದು.

ಬೆಳಗಾವಿ_ಟು_ಬರ್ಲಿನ್ · ಮಂಗಳವಾರ ಮಧ್ಯಾಹ್ನ 3:30

ರೀಟ್ವೆಲ್ಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ನನಗೆ ಅವರ ಮೇಲೆ ಒಂಥರಾ ಪ್ರೀತಿ.

ದೊಡ್ಡ ಹರಳು ಸಿಗದೆ ಪುಡಿ ಮಾತ್ರ ಇದ್ದರೆ ಕಷ್ಟ. ಪುಡಿಯ ಡೇಟಾದಲ್ಲಿ ಏರಿಳಿತಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ. ಮೊದಲು ಅದನ್ನು ಬಿಡಿಬಿಡಿ ಮಾಡೋಕೆ ಒದ್ದಾಡುತ್ತಿದ್ದರು. ನೆದರ್ಲೆಂಡ್ಸ್‌ನ ಪೆಟೆನ್‌ನಲ್ಲಿ ನ್ಯೂಟ್ರಾನ್ ಕೆಲಸ ಮಾಡುತ್ತಿದ್ದ ಹ್ಯೂಗೋ ರೀಟ್ವೆಲ್ಡ್, ಬಿಡಿಸೋದೇ ಬೇಡ, ಇಡೀ ಗೆರೆಯನ್ನೇ ಲೆಕ್ಕದಿಂದ ಹೊಂದಿಸೋಣ ಅಂದರು. 1969ರಲ್ಲಿ ವಿವರವಾಗಿ ಬರೆದರು. ಪ್ರೋಗ್ರಾಂ ಕೇಳಿದವರಿಗೆಲ್ಲ ಕಳಿಸಿಕೊಟ್ಟರು. ಮೊದಮೊದಲು ದೊಡ್ಡ ಸದ್ದೇನೂ ಆಗಲಿಲ್ಲ. ಎಕ್ಸ್‌ರೇಯವರೂ ಅದನ್ನು ಕೈಗೆತ್ತಿಕೊಂಡ ಮೇಲೆ ಎಲ್ಲಾ ಕಡೆ ಹಬ್ಬಿತು. ಸಿಮೆಂಟ್, ಬ್ಯಾಟರಿ, ಔಷಧಿ, ಎಲ್ಲದಕ್ಕೂ ಈಗ ಅದೇ. "ರೀಟ್ವೆಲ್ಡ್ ಮಾಡಿದೆಯಾ?" ಅಂತಲೇ ಕೇಳುತ್ತಾರೆ.

ಅಷ್ಟರಲ್ಲಿ ಮನುಷ್ಯ ಆ ಕೆಲಸವನ್ನೇ ಬಿಟ್ಟು ಅದೇ ಸಂಸ್ಥೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದರು! ಯೋಚನೆ ಮಾಡಿ. ಹೊರಗೆ ನಿಮ್ಮ ಹೆಸರು ಕ್ರಿಯಾಪದ ಆಗುತ್ತಿದೆ, ಒಳಗೆ ನೀವು ಪುಸ್ತಕದ ವ್ಯವಹಾರ ನೋಡುತ್ತಿದ್ದೀರಿ. ಅಂಕಿಲೆಕ್ಕ ಅವರೇ, ಅವರ ಎಚ್-ಇಂಡೆಕ್ಸ್ ನಿಮ್ಮ ಬೋರ್ಡ್ ಮುಂದೆ ಪಾಸಾಗುತ್ತಿತ್ತಾ ಅಂತ ನನಗೆ ಗುಮಾನಿ. 1995ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಅಮಿನಾಫ್ ಪ್ರಶಸ್ತಿ ಬಂತು. ಅದು ಕ್ರಿಸ್ಟಲೋಗ್ರಫಿಯವರಿಗೇ ಇರುವ ಪ್ರಶಸ್ತಿ.

ಅಂಕಿ_ಲೆಕ್ಕ · ಮಂಗಳವಾರ ಸಂಜೆ 5:15

ಸರಿ, ಅರ್ಧ ಸೋತೆ. ಆದರೆ ನೀವೆಲ್ಲ ಗೆದ್ದವರ ಕಥೆ ಮಾತ್ರ ಹೇಳುತ್ತಿದ್ದೀರಿ. ಒಳ್ಳೆ ಪ್ರೋಗ್ರಾಂ ಬರೆದು, ಪುಕ್ಕಟೆ ಹಂಚಿ, ಯಾರೂ ಮೂಸದೆ ಹೋದವರು ಎಷ್ಟು ಜನ ಇರಬಹುದು? ಅವರ ಬಗ್ಗೆ ನಮಗೆ ಗೊತ್ತೇ ಆಗಲ್ಲ. ಶೆಲ್ಡ್ರಿಕ್ ಆಗೋದು ಹೇಗೆ ಅಂತ ಈ ಹುಡುಗಿ ಕೇಳುತ್ತಿಲ್ಲ ತಾನೆ.

ಹೆಸರು ಕೆಡೋದು ಹೇಗೆ ಅನ್ನೋದೂ ಸೇರಿಸಿ. ಎರಡು ಘಟನೆ ಹೇಳುತ್ತೇನೆ. 2006ರಲ್ಲಿ ಅಮೆರಿಕದ ಒಂದು ಹೆಸರಾಂತ ಲ್ಯಾಬ್ ಐದು ದೊಡ್ಡ ಪೇಪರ್‌ಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ತಾವೇ ಬರೆದುಕೊಂಡ ಒಂದು ಸಣ್ಣ ಪ್ರೋಗ್ರಾಂನಲ್ಲಿ ಎರಡು ಕಾಲಂ ಅದಲುಬದಲಾಗಿತ್ತು. ಪ್ರೋಟೀನ್ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು ಬಂದಿತ್ತು. ಬೇರೆಯವರು ಅದೇ ಜಾತಿಯ ಇನ್ನೊಂದು ಪ್ರೋಟೀನ್ ಬಿಡಿಸಿದಾಗಲೇ ಗೊತ್ತಾದದ್ದು. ಅದು ಕೈತಪ್ಪು. ಒಪ್ಪಿಕೊಂಡರು, ವಾಪಸ್ ತೆಗೆದುಕೊಂಡರು.

2010ರದ್ದು ಬೇರೆ. ಆಕ್ಟಾದ ಇ ವಿಭಾಗದಲ್ಲಿ ಬಂದಿದ್ದ ಕನಿಷ್ಠ 70 ರಚನೆಗಳು ಸುಳ್ಳು ಅಂತ ಸಂಪಾದಕರೇ ಹೇಳಿದರು. ಒಂದೇ ಅಸಲಿ ಡೇಟಾ ಇಟ್ಟುಕೊಂಡು, ಒಂದು ಲೋಹದ ಬದಲು ಇನ್ನೊಂದು ಲೋಹ ಹಾಕಿ ಹೊಸ ಹರಳು ಅಂತ ಕಳಿಸಿದ್ದರು. ಒಂದೇ ಮದುವೆ ಫೋಟೋಗೆ ಮುಖ ಮಾತ್ರ ಬದಲಿಸಿ ಹತ್ತು ಆಲ್ಬಂ ಮಾಡಿದ ಹಾಗೆ. ಮೇಡಂ ಹೇಳಿದ ಆ ಚೆಕ್ ಪ್ರೋಗ್ರಾಂಗಳು ಚುರುಕಾದ ಮೇಲೆ ಸಿಕ್ಕಿಬಿದ್ದರು. ಅವರಿಗೆ ಯಾಕೆ ಅಷ್ಟು ಪೇಪರ್ ಬೇಕಿತ್ತು ಅಂತ ಕೇಳಿದರೆ ನಮ್ಮ ಬೋರ್ಡ್‌ನ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ನಾನು ಬೈದಿದ್ದು ಅದಕ್ಕೇ.

ಪ್ರೋಟೀನ್_ಪಾಪಣ್ಣ · ಮಂಗಳವಾರ ಸಂಜೆ 5:40

ಮದುವೆ ಆಲ್ಬಂ 😂 ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಹರಳು_ಹುಡುಗಿ · ಮಂಗಳವಾರ ರಾತ್ರಿ 9:50

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಿಂಟ್ ತೆಗೆದು ಸೀನಿಯರ್ ಟೇಬಲ್ ಮೇಲೆ ಇಟ್ಟಿದ್ದೇನೆ. ಓದಿ, "ನಾನೂ ಶೆಲೆಕ್ಸನ್ನೇ ಸೈಟ್ ಮಾಡಿದ್ದೀನಿ ಕಣೇ" ಅಂತ ನಕ್ಕರು.

ಅಂಕಿಲೆಕ್ಕ ಸರ್ ಹೇಳಿದ್ದು ಸರಿ. ನನಗೆ ಶೆಲ್ಡ್ರಿಕ್ ಆಗುವ ಆಸೆ ಏನಿಲ್ಲ. ಇವತ್ತಿನ ಸಮಸ್ಯೆ ಇನ್ನೂ ಸಣ್ಣದು. ನನ್ನ ಹರಳು ದ್ರಾವಣದಿಂದ ತೆಗೆದ ಎರಡೇ ನಿಮಿಷಕ್ಕೆ ಬಿಳಿ ಆಗಿ ಪುಡಿಯಾಗುತ್ತಿದೆ. ನಾಲ್ಕು ಸಲ ಆಯಿತು. ಒಳಗಿನ ದ್ರಾವಕ ಹಾರಿಹೋಗುತ್ತಿದೆ ಅನ್ನಿಸುತ್ತೆ. ಇಲ್ಲಿಂದ ಡೇಟಾ ತೆಗೆಯುವ ಕಡೆಗೆ ಬಸ್ಸಿನಲ್ಲಿ ಐದು ಗಂಟೆ. ಆಪರೇಟರ್ ಸರ್, ಏನಾದರೂ ಉಪಾಯ ಇದೆಯಾ?

ಹಳೇ_ಆಪರೇಟರ್ · ಬುಧವಾರ ಬೆಳಿಗ್ಗೆ 5:55

ದ್ರಾವಣದಿಂದ ತೆಗೆಯಲೇ ಬೇಡ. ಬೆಳೆದ ಬಾಟಲಿಯಲ್ಲೇ ತಾ, ಮುಚ್ಚಳ ಬಿಗಿ ಮಾಡಿ, ಅಲುಗಾಡದ ಹಾಗೆ ಹತ್ತಿಯಲ್ಲಿ ಸುತ್ತಿ. ಅಲ್ಲಿಗೆ ಹೋದ ಮೇಲೆ ಗಾಜಿನ ಮೇಲೆ ಒಂದು ಹನಿ ದಪ್ಪ ಎಣ್ಣೆ ಹಾಕಿ, ಹರಳನ್ನು ನೇರ ಅದರೊಳಗೆ ಇಳಿಸು. ಗಾಳಿ ತಾಗಬಾರದು. ಎಣ್ಣೆ ಸಮೇತ ಲೂಪ್‌ನಲ್ಲಿ (ಸಣ್ಣ ಕುಣಿಕೆ) ಎತ್ತಿ ತಣ್ಣನೆ ನೈಟ್ರೋಜನ್ ಗಾಳಿಗೆ ಹಿಡಿ. ಎಣ್ಣೆ ಗಟ್ಟಿಯಾಗಿ ಹರಳನ್ನು ಹಿಡಿದುಕೊಳ್ಳುತ್ತೆ. ಹರಳು ತಳ್ಳೋಕೆ ಸೂಜಿ ಬೇಡ, ಒಡೆಯುತ್ತೆ. ನಾನು ಬೆಕ್ಕಿನ ಮೀಸೆ ಇಟ್ಟುಕೊಂಡಿದ್ದೆ. ತಾನಾಗಿ ಉದುರಿದ್ದು ಮಾರಾಯರೇ, ಕಿತ್ತದ್ದಲ್ಲ. ಪ್ರೋಟೀನ್‌ನವರೂ ಹರಳಿನ ಬೀಜ ಹಾಕೋಕೆ ಅದನ್ನೇ ಬಳಸುತ್ತಾರೆ.

ಮೇಡಂ_ಮಲೆನಾಡು · ಬುಧವಾರ ಬೆಳಿಗ್ಗೆ 7:20

ಒಂದು ನಿಮಿಷ. ಬೆಕ್ಕಿನ ಮೀಸೆ? ಹಳೇ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಿರಾ? ಕೋಣೆ ಬಾಗಿಲಲ್ಲಿ "ಚಪ್ಪಲಿ ಹೊರಗೆ, ಹರಳು ಒಳಗೆ" ಅಂತ ಬರೆದಿತ್ತಾ?

ಸರ್, ನಾನು 1998ರಲ್ಲಿ ರಾತ್ರಿ ಬಸ್ಸು ಹಿಡಿದು ನಿಮ್ಮ ಹತ್ತಿರ ಬಂದಿದ್ದೆ! ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಆಗ ಒಂದೇ ಮಾತು: ಹರಳು ಕೈಕೊಟ್ಟರೆ ಬೆಕ್ಕಿನ ಮೀಸೆಯವರ ಹತ್ತಿರ ಹೋಗು. ಮಂಗಳೂರು, ಧಾರವಾಡದ ಹುಡುಗರೂ ನಿಮ್ಮನ್ನು ಹಾಗೇ ಕರೆಯುತ್ತಿದ್ದರು. ನಿಮ್ಮ ನಿಜವಾದ ಹೆಸರು ನನಗೆ ಗೊತ್ತಾದದ್ದು ಥೀಸಿಸ್‌ನಲ್ಲಿ ಕೃತಜ್ಞತೆ ಬರೆಯುವಾಗ.

ಹಳೇ_ಆಪರೇಟರ್ · ಬುಧವಾರ ಬೆಳಿಗ್ಗೆ 7:48

ಹಳದಿ ಹರಳು. ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ತಂದಿದ್ದಿರಿ ನೀವು. ಎಸಿ ಕೋಣೆಗೆ ಬಂದ ಹತ್ತು ನಿಮಿಷಕ್ಕೆ ಎಣ್ಣೆ ಬೆಣ್ಣೆ ಹಾಗೆ ಗಟ್ಟಿಯಾಯಿತು, ನೀವು ಅಳೋಕೆ ಶುರು ಮಾಡಿದಿರಿ. ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿದೆವು. ಆರ್ ಫ್ಯಾಕ್ಟರ್ ಕೊನೆಗೆ ಎಷ್ಟು ಬಂತು ಮೇಡಂ? ನೀವು ಬರೆದು ತಿಳಿಸುತ್ತೇನೆ ಅಂದಿದ್ದಿರಿ.

ಮೇಡಂ_ಮಲೆನಾಡು · ಬುಧವಾರ ಬೆಳಿಗ್ಗೆ 7:55

4.1 ಸರ್. ತಡ ಆಯಿತು, ಕ್ಷಮಿಸಿ.

ಹರಳು_ಹುಡುಗಿ · ಬುಧವಾರ ಬೆಳಿಗ್ಗೆ 8:30

ಶುಕ್ರವಾರ ಬಸ್ಸು ಬುಕ್ ಮಾಡಿದೆ. ನಮ್ಮ ಓಣಿಯಲ್ಲಿ ಬೆಕ್ಕು ಮೂರಿವೆ, ಇವತ್ತು ಸಂಜೆ ಕಸಬರಿಗೆ ಹಿಡಿದು ಜಗುಲಿ ಗುಡಿಸುತ್ತೇನೆ.